ಸ್ಫಟಿಕದೊಳಗಿನ ಬೆಳಕು

ಗಾಜಿನ ಕಿಟಕಿಯನ್ನು ಮುಚ್ಚಿದರೂ ಬಿಸಿಲು ಕೋಣೆಯೊಳಕ್ಕೆ ಬರುತ್ತದೆ. ಅದಕ್ಕಿಂತ ಎಷ್ಟೋ ತೆಳುವಾದ ತಾಮ್ರದ ತಗಡನ್ನು ಅಡ್ಡ ಹಿಡಿದರೆ ಕತ್ತಲಾಗುತ್ತದೆ. ನಿತ್ಯವೂ ಕಾಣುವ ಈ ಸಂಗತಿಯಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲವೆಂದು ನಾವು ಮುಂದೆ ಸಾಗುತ್ತೇವೆ. ಆದರೆ ಬೆಳಕು ಒಂದು ಪದಾರ್ಥವನ್ನು ಹೊಕ್ಕ ಮೇಲೆ ಅಲ್ಲಿ ಅದಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದ, ಅದರಿಂದ ಕೀರ್ತಿಯನ್ನೂ ಕಲಹವನ್ನೂ ಧಾರಾಳವಾಗಿ ಪಡೆದ ಮಹಾವಿಜ್ಞಾನಿಯೊಬ್ಬರು ನಮ್ಮ ಬೆಂಗಳೂರಿನಲ್ಲಿ ಬಾಳಿದರು. ಅವರೇ ಸರ್ ಚಂದ್ರಶೇಖರ ವೆಂಕಟರಾಮನ್. ಅವರ ಹೆಸರಿನ ಪರಿಣಾಮವನ್ನು ಎಲ್ಲರೂ ಬಲ್ಲರು. ಆ ಪರಿಣಾಮವನ್ನು ಕಂಡುಹಿಡಿದ ಮೇಲೆ ಅವರು ಕಳೆದ ನಾಲ್ವತ್ತೆರಡು ವರ್ಷಗಳ ಬಾಳನ್ನು ಬಲ್ಲವರು ಕಡಿಮೆ.

ಅವರ ಕೆಲಸವನ್ನು ತಿಳಿಯಬೇಕಾದರೆ ಮೊದಲು ಬೆಳಕಿನ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಬೆಳಕು ವಿದ್ಯುತ್ತು ಮತ್ತು ಕಾಂತತೆಗಳು ಕೂಡಿ ಸಾಗುವ ಒಂದು ತರಂಗವೆಂದು 1865ರಲ್ಲಿ ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿಕೊಟ್ಟನು. ರೇಡಿಯೋ ಅಲೆ, ಬೆಳಕು, ಕ್ಷ-ಕಿರಣ ಇವೆಲ್ಲ ಒಂದೇ ಕುಲದವು. ತರಂಗಾಂತರ ಮಾತ್ರ ಬೇರೆ ಬೇರೆ. ಇಂಥ ತರಂಗವು ಲೋಹದಂಥ ವಾಹಕವನ್ನು ತಲಪಿದಾಗ ಅಲ್ಲಿ ಕಟ್ಟಿಲ್ಲದೆ ಅಲೆಯುತ್ತಿರುವ ಎಲೆಕ್ಟ್ರಾನುಗಳು ಅದರ ತಾಳಕ್ಕೆ ತಕ್ಕಂತೆ ಓಲಾಡತೊಡಗುತ್ತವೆ. ಹಾಗೆ ಓಲಾಡುತ್ತ ಬಂದ ಅಲೆಯ ಬಹುಭಾಗವನ್ನು ಹಿಂದಕ್ಕೆ ಕಳುಹಿಸುತ್ತವೆ. ಉಳಿದುದನ್ನು ಶಾಖವಾಗಿ ಕರಗಿಸಿಬಿಡುತ್ತವೆ. ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಅಂಥ ಕೆಲವೇ ಭಾಗಗಳಷ್ಟು ಆಳಕ್ಕೆ ಇಳಿಯುವಷ್ಟರಲ್ಲಿ ತಾಮ್ರದೊಳಗೆ ಬೆಳಕು ಉಡುಗಿಹೋಗುತ್ತದೆ. ಲೋಹಗಳು ಕನ್ನಡಿಯಂತೆ ಹೊಳೆಯುವುದಕ್ಕೂ ಅವು ಬೆಳಕಿಗೆ ಗೋಡೆಯಾಗುವುದಕ್ಕೂ ಒಂದೇ ಕಾರಣ. ನಿಧಾನವಾಗಿ ತುಯ್ಯುವ ಅಲೆಗಳು ಇನ್ನಷ್ಟು ಆಳಕ್ಕೆ ಇಳಿಯಬಲ್ಲವು. ನಮ್ಮ ಮನೆಯ ವಿದ್ಯುತ್ತಿನಂತೆ ಸೆಕೆಂಡಿಗೆ 50 ಸಲ ತುಯ್ಯುವ ಅಲೆ ತಾಮ್ರದಲ್ಲಿ ಸುಮಾರು 9 ಮಿಲಿಮೀಟರ್ ಆಳದವರೆಗೆ ಬಲವಾಗಿರುತ್ತದೆ.

ಸ್ಫಟಿಕದ ಕಥೆಯೇ ಬೇರೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ಬಳಿ ಹೇಮಾವತಿಯ ದಂಡೆಯ ಮರಳನ್ನು ಅಂಗೈಯಲ್ಲಿ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿ. ಗಾಜಿನ ಚೂರಿನಂತೆ ತೋರುವ ಕಣಗಳು ಬೆಣಚುಕಲ್ಲಿನವು. ಮಿರುಗುವ ಹೊಪ್ಪಳೆಗಳು ಜನರು ಕಾಗೆಬಂಗಾರವೆಂದು ಕರೆಯುವ ಅಭ್ರಕದವು. ಮಬ್ಬಾದ ಬಿಳಿಯ ಅಥವಾ ನಸುಗೆಂಪಿನ ಕಣಗಳು ಫೆಲ್ಡ್‌ಸ್ಪಾರಿನವು. ಈ ಸೀಮೆಯ ಪುರಾತನ ಶಿಲೆಗಳು ಸವೆದು ಉಂಟಾದ ಈ ಪ್ರತಿಯೊಂದು ಕಣದಲ್ಲಿಯೂ ಪರಮಾಣುಗಳು ಪಥಸಂಚಲನಕ್ಕೆ ನಿಂತ ಸೈನಿಕರಂತೆ ಸಾಲುಸಾಲಾಗಿ ನಿಂತಿವೆ. ಇಲ್ಲಿ ಎಲೆಕ್ಟ್ರಾನುಗಳು ತಮ್ಮ ತಮ್ಮ ಪರಮಾಣುಗಳಿಗೆ ಕಟ್ಟುಬಿದ್ದಿರುವುದರಿಂದ ಬೆಳಕು ಒಳಗೆ ಸಾಗಲು ಅವಕಾಶವುಂಟು. ಆದರೆ ಅದು ಹೊರಗಿದ್ದಂತೆಯೇ ಒಳಗೂ ಇರಲಾರದು. ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ವಜ್ರದೊಳಗೆ 1 ಲಕ್ಷ 24 ಸಾವಿರ ಕಿಲೋಮೀಟರಿಗೆ ಇಳಿಯುತ್ತದೆ. ಅನೇಕ ಸ್ಫಟಿಕಗಳಲ್ಲಿ ಒಂದು ಕಿರಣ ಎರಡಾಗಿ ಒಡೆದು ಬೇರೆ ಬೇರೆ ವೇಗದಲ್ಲಿ ಸಾಗುತ್ತದೆ. ಕಣ್ಣಿಗೆ ಕಾಣದ ವಿದ್ಯುತ್ ಅಲೆಗಳೂ ಸ್ಫಟಿಕಗಳಲ್ಲಿ ಹೀಗೆಯೇ ಇಬ್ಭಾಗವಾಗುತ್ತವೆಂದು 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ತೋರಿಸಿದ್ದರು.

ಆಗ ರಾಮನ್ನರು ಏಳು ವರ್ಷದ ಬಾಲಕ. ಅವರು 1888ನೆಯ ನವೆಂಬರ್ 7ರಂದು ತಿರುಚಿರಾಪಳ್ಳಿಯ ಸಮೀಪದಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನಗಳ ಉಪಾಧ್ಯಾಯರು. ತಾಯಿ ಪಾರ್ವತಿ ಅಮ್ಮಾಳ್. ಮನೆಯ ತುಂಬ ಪುಸ್ತಕಗಳಿದ್ದವು. ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿದ ಬಾಲಕ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ. ಎ. ಪದವಿಯನ್ನು ಮೊದಲಿಗನಾಗಿ ಪಡೆದನು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆಯನ್ನು ಕುರಿತ ಅವರ ಮೊದಲ ಲೇಖನ ಇಂಗ್ಲೆಂಡಿನ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆದರೆ ಆ ಕಾಲದಲ್ಲಿ ವಿಜ್ಞಾನದಿಂದ ಹೊಟ್ಟೆ ಹೊರೆಯುವ ಮಾರ್ಗ ಭಾರತೀಯರಿಗೆ ಇರಲಿಲ್ಲವೆಂದೇ ಹೇಳಬೇಕು. ರಾಮನ್ನರು ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಲೋಕಸುಂದರಿಯವರನ್ನು ವಿವಾಹವಾಗಿ, 1907ರಲ್ಲಿ ಕಲ್ಕತ್ತೆಗೆ ಅಧಿಕಾರಿಯಾಗಿ ಹೋದರು.

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘವೊಂದಿತ್ತು. ಉಪಕರಣಗಳಿದ್ದವು, ಕೆಲಸ ಮಾಡುವವರಿರಲಿಲ್ಲ. ರಾಮನ್ನರು ಅದರ ಕದವನ್ನು ತಟ್ಟಿದರು. ಅಂದಿನಿಂದ ಹತ್ತು ವರ್ಷಗಳ ಕಾಲ, ನಡುವೆ ರಂಗೂನು ಮತ್ತು ನಾಗಪುರಗಳಿಗೆ ವರ್ಗವಾಗಿದ್ದ ಅವಧಿಯನ್ನು ಬಿಟ್ಟರೆ, ಕಛೇರಿಗೆ ಮೊದಲು ಮತ್ತು ಕಛೇರಿಯ ನಂತರದ ಹೊತ್ತೆಲ್ಲ ಅವರು ಅಲ್ಲಿಯೇ ಕಳೆದರು. 1917ರಲ್ಲಿ ಸರ್ ಆಶುತೋಷ್ ಮುಖರ್ಜಿಯವರು ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪದವಿಗೆ ಕರೆದಾಗ, ಸಂಬಳ ಕಡಿಮೆಯೆಂಬುದನ್ನು ಲೆಕ್ಕಿಸದೆ ಸರ್ಕಾರಿ ಕೆಲಸವನ್ನು ಬಿಟ್ಟು ಬಂದರು.

1921ರಲ್ಲಿ ಇಂಗ್ಲೆಂಡಿನಿಂದ ಮರಳುವಾಗ ನಾರ್ಕುಂಡ ಎಂಬ ಹಡಗಿನ ಮೇಲಿಂದ ಕಂಡ ಸಮುದ್ರದ ನೀಲಿ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿತು. ಅದು ಆಕಾಶದ ಪ್ರತಿಬಿಂಬವೆಂಬುದು ಮಹಾವಿಜ್ಞಾನಿ ರ‍್ಯಾಲೆಯ ಮತ. ರಾಮನ್ನರು ಜೇಬಿನಲ್ಲಿದ್ದ ನಿಕೋಲ್ ಪಟ್ಟಕದಿಂದ ಮೇಲ್ಮೈಯ ಪ್ರತಿಫಲನವನ್ನು ಅಡಗಿಸಿ ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನೂ ಚೆನ್ನಾಗಿ ತೋರಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ನಿರ್ಣಯಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ದೊಡ್ಡ ಕಾರಣವೆಂದು ಈಗ ತಿಳಿದಿದೆ. ಆದರೂ ರಾಮನ್ನರ ಪ್ರಶ್ನೆ ಫಲ ಕೊಟ್ಟಿತು. ದ್ರವಗಳು, ಆವಿಗಳು, ಮಂಜುಗಡ್ಡೆ, ಗಾಜು ಎಲ್ಲವುಗಳಲ್ಲಿಯೂ ಬೆಳಕು ಚದುರುವ ಬಗೆಯನ್ನು ಅವರೂ ಅವರ ಶಿಷ್ಯರೂ ಏಳು ವರ್ಷ ಪರೀಕ್ಷಿಸಿದರು. 1928ನೆಯ ಫೆಬ್ರವರಿ 28ರಂದು, ಕೆ. ಎಸ್. ಕೃಷ್ಣನ್ನರ ನೆರವಿನೊಡನೆ, ಚದುರಿದ ಬೆಳಕಿನಲ್ಲಿ ಮೂಲದಲ್ಲಿ ಇಲ್ಲದ ಹೊಸ ಬಣ್ಣದ ಗೆರೆಗಳನ್ನು ರೋಹಿತದರ್ಶಕದಲ್ಲಿ ಕಂಡರು. ಮಾರ್ಚ್ 16ರಂದು ಅದರ ವಿವರವಾದ ನಿರೂಪಣೆಯನ್ನು ಅವರು ನೀಡಿದ್ದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಅದೇ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬವರು ಬೆಣಚುಕಲ್ಲಿನ ಸ್ಫಟಿಕದಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು. ಆದರೆ ಪ್ರಕಟಿಸುವುದರಲ್ಲಿ ಹಿಂದೆ ಬಿದ್ದರು. 1930ರಲ್ಲಿ ನೊಬೆಲ್ ಪಾರಿತೋಷಕ ರಾಮನ್ನರಿಗೆ ಸಂದಿತು. ವಿಜ್ಞಾನದಲ್ಲಿ ಆ ಗೌರವವನ್ನು ಪಡೆದ ಮೊದಲ ಏಷ್ಯಾದವರು ಅವರು.

ಈ ಪರಿಣಾಮದ ತಿರುಳು ಬಹಳ ಸರಳ. ಅಣುಗಳಾಗಲಿ, ಸ್ಫಟಿಕದ ಪರಮಾಣುಗಳಾಗಲಿ, ಎಂದೂ ನಿಶ್ಚಲವಾಗಿರುವುದಿಲ್ಲ. ತಮ್ಮ ನೆಲೆಯಲ್ಲಿಯೇ ನಡುಗುತ್ತಿರುತ್ತವೆ. ಒಳಹೊಕ್ಕ ಬೆಳಕು ಆ ನಡುಕಕ್ಕೆ ಒಂದಿಷ್ಟು ಶಕ್ತಿಯನ್ನು ಕೊಟ್ಟು ಹೊರಬಂದರೆ ಅದರ ಬಣ್ಣ ಕೆಂಪಿನ ಕಡೆಗೆ ಸರಿಯುತ್ತದೆ. ಪಡೆದು ಬಂದರೆ ನೇರಳೆಯ ಕಡೆಗೆ. ಎಷ್ಟು ಸರಿಯಿತೆಂಬುದನ್ನು ಅಳೆದರೆ ಪರಮಾಣುಗಳು ಎಷ್ಟು ವೇಗವಾಗಿ ನಡುಗುತ್ತಿವೆಯೆಂದು ತಿಳಿಯುತ್ತದೆ. ವಜ್ರದಲ್ಲಿ ಆ ನಡುಕ ಸೆಕೆಂಡಿಗೆ ಸುಮಾರು 40 ಲಕ್ಷ ಕೋಟಿ ಸಲ. ಕಲ್ಲನ್ನು ಒಡೆಯದೆ, ಕರಗಿಸದೆ, ಅದರ ಒಳಗಿನ ಚಲನೆಯನ್ನು ಎಣಿಸುವ ಉಪಾಯ ಮನುಷ್ಯನ ಕೈಗೆ ಬಂದಿತು.

1933ರಲ್ಲಿ ರಾಮನ್ನರು ಬೆಂಗಳೂರಿಗೆ ಬಂದರು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನಕ್ಕೆ ಅವರು ಮೊದಲ ಭಾರತೀಯರು. ಅಲ್ಲಿ ಅದುವರೆಗೆ ಭೌತವಿಜ್ಞಾನ ವಿಭಾಗವೇ ಇರಲಿಲ್ಲ. ಅದನ್ನು ಅವರು ತೆರೆದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಅದರಿಂದ ಸಂಶೋಧನಾ ಪತ್ರಿಕೆಯೊಂದನ್ನು ಹೊರಡಿಸಿದರು. ಭಾರತೀಯರು ತಮ್ಮ ಸಂಶೋಧನೆಗಳನ್ನು ತಮ್ಮ ದೇಶದಲ್ಲಿಯೇ ಪ್ರಕಟಿಸಬೇಕೆಂಬುದು ಅವರ ಹಟ. ನಾಗೇಂದ್ರನಾಥರೊಡನೆ ಸೇರಿ 1935 ಮತ್ತು 1936ರಲ್ಲಿ ಅವರು ಬರೆದ ಲೇಖನಗಳು ಅದರಲ್ಲಿಯೇ ಬಂದವು. ಕಿವಿಗೆ ಕೇಳದ ಅತಿ ಸೂಕ್ಷ್ಮ ಶಬ್ದದ ಅಲೆಗಳು ದ್ರವವೊಂದರಲ್ಲಿ ಸಾಗುವಾಗ ಅಲ್ಲಿ ದಟ್ಟವಾದ ಮತ್ತು ವಿರಳವಾದ ಪದರಗಳು ಏಳುತ್ತವೆ. ಅವುಗಳನ್ನು ಹಾಯುವ ಬೆಳಕು ಹಲವು ಕವಲುಗಳಾಗಿ ಒಡೆಯುತ್ತದೆ. ಇದಕ್ಕೆ ಅವರು ಕೊಟ್ಟ ಗಣಿತ ಇಂದಿಗೂ ಬಳಕೆಯಲ್ಲಿದೆ. ಸ್ಫಟಿಕದಲ್ಲಿ ಶಬ್ದವನ್ನು ಹಾಯಿಸಿ ಲೇಸರ್ ಕಿರಣವನ್ನು ಬೇಕಾದ ಕಡೆಗೆ ತಿರುಗಿಸುವ ಉಪಕರಣಗಳು ಈ ತತ್ತ್ವದ ಮೇಲೆ ನಡೆಯುತ್ತವೆ.

ಅದೇ ಕಾಲದಲ್ಲಿ ಜರ್ಮನಿಯಲ್ಲಿ ನಾಜಿಗಳ ಆಳ್ವಿಕೆಯಿಂದಾಗಿ ಯಹೂದಿ ವಿದ್ವಾಂಸರು ಹುದ್ದೆಗಳನ್ನು ಕಳೆದುಕೊಳ್ಳುತ್ತಿದ್ದರು. ಸ್ಫಟಿಕಗಳ ಸಿದ್ಧಾಂತದಲ್ಲಿ ಜಗತ್ತಿಗೇ ಹಿರಿಯರಾಗಿದ್ದ ಮ್ಯಾಕ್ಸ್ ಬಾರ್ನ್ ಅವರಲ್ಲಿ ಒಬ್ಬರು. ರಾಮನ್ನರು ಅವರನ್ನು ಬೆಂಗಳೂರಿಗೆ ಕರೆಸಿಕೊಂಡರು. 1935ರ ಕೊನೆಯಿಂದ ಕೆಲವು ತಿಂಗಳು ಬಾರ್ನ್ ಇಲ್ಲಿ ಪಾಠ ಹೇಳಿದರು. ಅವರನ್ನು ಕಾಯಂ ಪ್ರಾಧ್ಯಾಪಕರಾಗಿ ಉಳಿಸಿಕೊಳ್ಳಬೇಕೆಂಬ ರಾಮನ್ನರ ಆಸೆಗೆ ಸಂಸ್ಥೆಯೊಳಗೆ ವಿರೋಧ ಬಂದಿತು. ಬಾರ್ನ್ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೊರಟುಹೋದರು. ರಾಮನ್ನರ ಆಡಳಿತದ ಮೇಲೆಯೂ ದೂರುಗಳು ಬೆಳೆದಿದ್ದವು. ಭೌತವಿಜ್ಞಾನಕ್ಕೆ ಹಣವನ್ನೂ ಗಮನವನ್ನೂ ಹೆಚ್ಚಾಗಿ ಕೊಟ್ಟು ಇತರ ವಿಭಾಗಗಳನ್ನು ಕಡೆಗಣಿಸಿದರೆಂಬುದು ಮುಖ್ಯವಾದ ಆಕ್ಷೇಪಣೆ. ವಿಚಾರಣಾ ಸಮಿತಿಯೊಂದು ಕುಳಿತು ವರದಿ ಕೊಟ್ಟಿತು. 1937ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಆ ಜಗಳದಲ್ಲಿ ನ್ಯಾಯವೆಲ್ಲ ಒಂದೇ ಪಕ್ಷದಲ್ಲಿತ್ತೆನ್ನಲು ಸಾಧ್ಯವಿಲ್ಲ. ರಾಮನ್ನರು ಮಾತಿನಲ್ಲಿ ಹರಿತ, ಸಹನೆಯಲ್ಲಿ ಕೃಪಣರು. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತರು ಸಂಸ್ಥೆಗೆ ಸೇರಬಯಸಿದಾಗ ಹೆಣ್ಣೆಂಬ ಕಾರಣಕ್ಕೆ ಅವರು ಮೊದಲು ನಿರಾಕರಿಸಿದ್ದರು. ಆಕೆ ಬಿಡದೆ ಹೋರಾಡಿ, ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಪ್ರವೇಶ ಪಡೆದು, ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಜೀವರಸಾಯನ ವಿಜ್ಞಾನದಲ್ಲಿ ಪ್ರಸಿದ್ಧರಾದರು.

ಅಧಿಕಾರ ಹೋದದ್ದು ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು. ರಾಮನ್ನರು ಪೂರ್ತಿಯಾಗಿ ಸ್ಫಟಿಕಗಳ ಕಡೆಗೆ ತಿರುಗಿದರು. 1940ರಲ್ಲಿ ನೆಡುಂಗಾಡಿ ಎಂಬ ಶಿಷ್ಯರೊಡನೆ ಅವರು ಬೆಣಚುಕಲ್ಲನ್ನು ಕಾಯಿಸುತ್ತ ಅದರ ಗೆರೆಗಳನ್ನು ಗಮನಿಸಿದರು. ಬೆಣಚು 573 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ರೂಪವನ್ನು ಬಿಟ್ಟು ಇನ್ನೊಂದು ರೂಪವನ್ನು ತಳೆಯುತ್ತದೆ. ಆ ಉಷ್ಣತೆಯನ್ನು ಸಮೀಪಿಸಿದಂತೆಲ್ಲ ಒಂದು ಗೆರೆ ಮಾತ್ರ ಅಗಲವಾಗುತ್ತ, ಮಂಕಾಗುತ್ತ, ಮೂಲದ ಗೆರೆಯ ಕಡೆಗೆ ಸರಿಯುತ್ತ ಬಂದಿತು. ಪರಮಾಣುಗಳ ಒಂದು ನಿರ್ದಿಷ್ಟ ನಡುಕ ಮೆತ್ತಗಾಗುತ್ತ ಹೋಗಿ, ಸ್ಫಟಿಕವು ತನ್ನ ಹಳೆಯ ಆಕಾರದಲ್ಲಿ ನಿಲ್ಲಲಾರದೆ ಹೊಸದಕ್ಕೆ ಹೊರಳುತ್ತದೆಂಬುದು ಇದರ ಅರ್ಥ. ಇಪ್ಪತ್ತು ವರ್ಷಗಳ ನಂತರ ಪಾಶ್ಚಾತ್ಯ ಸಿದ್ಧಾಂತಿಗಳು ಇದೇ ವಿಚಾರವನ್ನು ಸ್ವತಂತ್ರವಾಗಿ ಬೆಳೆಸಿದಾಗ ಅದರ ಬೆಲೆ ಎಲ್ಲರಿಗೂ ತಿಳಿಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಅವರ ಮನಸ್ಸನ್ನು ಸೆಳೆದದ್ದು ವಜ್ರ. ಇಂಗಾಲವೆಂಬ ಒಂದೇ ಮೂಲವಸ್ತು, ಸರಳವಾದ ಜೋಡಣೆ, ಅಪಾರವಾದ ಗಟ್ಟಿತನ. ಘನವಸ್ತುವಿನ ರಹಸ್ಯವೆಲ್ಲ ಇದರಲ್ಲಿ ಅಡಗಿದೆಯೆಂದು ಅವರು ಭಾವಿಸಿದ್ದರು. ಅವರು ಕೂಡಿಸಿದ ವಜ್ರಗಳು ನೂರಾರು. ಒಡವೆಗಾಗಿ ಕೊಳ್ಳುವವರು ದೋಷವಿಲ್ಲದ ಹರಳನ್ನು ಹುಡುಕಿದರೆ ಇವರು ಒಂದರಂತೆ ಇನ್ನೊಂದಿಲ್ಲದ ಹರಳುಗಳನ್ನು ಹುಡುಕಿದರು. ಅತಿನೇರಳೆ ಬೆಳಕಿನಲ್ಲಿ ಹಿಡಿದಾಗ ಕೆಲವು ವಜ್ರಗಳು ನೀಲಿಯಾಗಿ, ಕೆಲವು ಹಸುರಾಗಿ ಹೊಳೆಯುತ್ತಿದ್ದವು; ಕೆಲವು ಹೊಳೆಯುತ್ತಲೇ ಇರಲಿಲ್ಲ. ಆ ಹೊಳಪಿನ ಕಾರಣವನ್ನು ಹುಡುಕುವ ಕೆಲಸ 1940ರಲ್ಲಿ ಬಂದ ಅನ್ನಾ ಮಣಿ ಎಂಬ ತರುಣಿಯ ಪಾಲಿಗೆ ಬಂದಿತು. ಹರಳನ್ನು ದ್ರವವಾಯುವಿನಷ್ಟು ತಣ್ಣಗೆ ಮಾಡಿ, ಕ್ಷೀಣವಾದ ಬೆಳಕನ್ನು ಛಾಯಾಫಲಕದ ಮೇಲೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೀಳಿಸಬೇಕಾಗಿತ್ತು. ಆಕೆ ಎಷ್ಟೋ ರಾತ್ರಿಗಳನ್ನು ಪ್ರಯೋಗಶಾಲೆಯಲ್ಲಿಯೇ ಕಳೆದರು. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿ ಐದು ಲೇಖನಗಳನ್ನು ಸ್ವಂತವಾಗಿ ಬರೆದರು. ಆದರೂ ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಮದರಾಸು ವಿಶ್ವವಿದ್ಯಾನಿಲಯ ಆಕೆಗೆ ಡಾಕ್ಟರೇಟ್ ಕೊಡಲಿಲ್ಲ. ಆ ಪ್ರಬಂಧ ಇಂದಿಗೂ ರಾಮನ್ ಸಂಸ್ಥೆಯಲ್ಲಿ ಇದೆ. ಅನ್ನಾ ಮಣಿಯವರು ಮುಂದೆ ಹವಾಮಾನ ಇಲಾಖೆಗೆ ಸೇರಿ, ಸೂರ್ಯಕಿರಣ ಮತ್ತು ಗಾಳಿಗಳ ಅಳತೆಗೆ ದೇಶದಲ್ಲಿ ಭದ್ರವಾದ ತಳಹದಿಯನ್ನು ಹಾಕಿದರು.

ವಜ್ರವೇ ಹಳೆಯ ಸ್ನೇಹಿತರನ್ನು ಎದುರಾಳಿಗಳನ್ನಾಗಿ ಮಾಡಿತು. ಸ್ಫಟಿಕದ ಪರಮಾಣುಗಳು ಯಾವ ಯಾವ ಆವೃತ್ತಿಯಲ್ಲಿ ನಡುಗಬಲ್ಲವು? ಬಾರ್ನರ ಸಿದ್ಧಾಂತದಂತೆ ನಡುಕಗಳು ಅಲೆಗಳಾಗಿ ಸ್ಫಟಿಕವನ್ನೆಲ್ಲ ವ್ಯಾಪಿಸುತ್ತವೆ. ಅವುಗಳ ಆವೃತ್ತಿಗಳು ಒಂದಕ್ಕೊಂದು ತಗುಲಿಕೊಂಡು ಅಖಂಡವಾದ ಹರಹಾಗಿರುತ್ತವೆ. ರಾಮನ್ನರು ಇದನ್ನು ಒಪ್ಪಲಿಲ್ಲ. ನಡುಕಗಳು ಬೆರಳೆಣಿಕೆಯವು, ಒಂದೊಂದೂ ಬಿಡಿಯಾದದ್ದು, ಆದ್ದರಿಂದಲೇ ರೋಹಿತದಲ್ಲಿ ಸ್ಪಷ್ಟವಾದ ಗೆರೆಗಳು ಕಾಣುತ್ತವೆ ಎಂಬುದು ಅವರ ವಾದ. ಅವರ ಶಿಷ್ಯ ಆರ್. ಎಸ್. ಕೃಷ್ಣನ್ನರು ಪಾದರಸದ ಅತಿನೇರಳೆ ಕಿರಣವನ್ನು ಬಳಸಿ ವಜ್ರದ ರೋಹಿತವನ್ನು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾಗಿ ತೆಗೆದರು. ಅದರಲ್ಲಿ ಚೂಪಾದ ಶಿಖರಗಳಿದ್ದವು. ರಾಮನ್ನರಿಗೆ ಗೆದ್ದೆನೆನ್ನಿಸಿತು.

ಆದರೆ ಗೆಲುವು ಅವರದಾಗಲಿಲ್ಲ. 1948ರಲ್ಲಿ ಹೆಲೆನ್ ಸ್ಮಿತ್ ಎಂಬ ವಿದುಷಿ ಬಾರ್ನರ ಸಿದ್ಧಾಂತದಿಂದಲೇ ವಜ್ರದ ರೋಹಿತವನ್ನು ಲೆಕ್ಕ ಹಾಕಿದರು. ಅಖಂಡವಾದ ಹರಹಿನಲ್ಲಿಯೂ ಕೆಲವೆಡೆ ಆವೃತ್ತಿಗಳು ಒತ್ತಾಗಿ ಕೂಡುವುದರಿಂದ ಶಿಖರಗಳು ಏಳಬಲ್ಲವೆಂದು ಅದರಿಂದ ತಿಳಿಯಿತು. ಮುಂದೆ ನ್ಯೂಟ್ರಾನುಗಳನ್ನು ಸ್ಫಟಿಕದೊಳಕ್ಕೆ ಹಾಯಿಸಿ ನಡುಕಗಳನ್ನು ನೇರವಾಗಿ ಅಳೆಯುವ ವಿಧಾನ ಬಂದಾಗ ಬಾರ್ನರ ಪಕ್ಷವೇ ಸರಿಯೆಂದು ಸಂದೇಹಕ್ಕೆಡೆಯಿಲ್ಲದಂತೆ ಸಿದ್ಧವಾಯಿತು. ಕೆಲವು ವಜ್ರಗಳು ಅತಿನೇರಳೆಯನ್ನು ಬಿಟ್ಟುಕೊಟ್ಟು ಕೆಲವು ತಡೆಯುವುದಕ್ಕೆ ರಾಮನ್ನರು ಹರಳಿನ ಆಕಾರದ ಸಮತೆಯಲ್ಲಿ ಕಾರಣವನ್ನು ಹುಡುಕಿದ್ದರು. ಅದೂ ನಿಲ್ಲಲಿಲ್ಲ. ತಡೆಯುವ ಹರಳುಗಳಲ್ಲಿ ಸಾರಜನಕ ಬೆರೆತಿರುತ್ತದೆಂದು 1959ರಲ್ಲಿ ಅಮೆರಿಕದ ಕೈಸರ್ ಮತ್ತು ಬಾಂಡ್ ತೋರಿಸಿದರು. ರಾಮನ್ನರು ಕೊನೆಯವರೆಗೂ ತಮ್ಮ ಮತವನ್ನು ಬಿಡಲಿಲ್ಲ. ಕಣ್ಣಿಗೆ ಕಂಡ ಗೆರೆಯ ಮೇಲೆ ಅವರಿಗಿದ್ದ ನಂಬಿಕೆ ಅಪಾರ. ಅದೇ ನಂಬಿಕೆ ಸಮುದ್ರದ ಮೇಲೆ ರ‍್ಯಾಲೆಯ ಮಾತನ್ನು ಪರೀಕ್ಷಿಸುವ ಧೈರ್ಯವನ್ನು ಕೊಟ್ಟಿತ್ತು. ವಜ್ರದ ವಿಷಯದಲ್ಲಿ ಅದು ಅವರನ್ನು ಒಂಟಿಯನ್ನಾಗಿ ಮಾಡಿತು. ಆ ವಾದದ ಬಿಸಿಯಲ್ಲಿ ಶಿಷ್ಯರು ತೆಗೆದ ರೋಹಿತಗಳು ಮಾತ್ರ ಸುಳ್ಳಾಗಲಿಲ್ಲ. ಅವುಗಳನ್ನೇ ಆಧಾರವಾಗಿಟ್ಟುಕೊಂಡು ಎದುರಿನ ಪಕ್ಷದವರೂ ತಮ್ಮ ಲೆಕ್ಕಗಳನ್ನು ತಾಳೆ ನೋಡಿದರು.

1948ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1934ರಲ್ಲಿಯೇ, ಮೈಸೂರು ಸರ್ಕಾರ ಸಂಶೋಧನಾಲಯವೊಂದಕ್ಕಾಗಿ ಬೆಂಗಳೂರಿನ ಉತ್ತರ ಭಾಗದಲ್ಲಿ ಜಮೀನನ್ನು ದಾನ ಮಾಡಿತ್ತು. ಅಲ್ಲಿ ರಾಮನ್ ಸಂಶೋಧನಾ ಸಂಸ್ಥೆ ತಲೆಯೆತ್ತಿತು. ಸರ್ಕಾರದ ಹಣವನ್ನು ಪಡೆದರೆ ಅದರ ಅಂಕೆಗೂ ಒಳಗಾಗಬೇಕಾಗುತ್ತದೆಂದು ರಾಮನ್ನರು ಊರೂರು ಸುತ್ತಿ ದಾನಿಗಳಿಂದ ಹಣ ಕೂಡಿಸಿದರು; ಶಿಷ್ಯರೊಬ್ಬರೊಡನೆ ಸೇರಿ ರಾಸಾಯನಿಕಗಳ ಉದ್ಯಮಕ್ಕೂ ಕೈ ಹಾಕಿದರು. ಮೊದಮೊದಲು ಕಟ್ಟಡಕ್ಕೆ ವಿದ್ಯುತ್ತಿನ ಸಂಪರ್ಕವೇ ಇರಲಿಲ್ಲ. ಬೆಳಕಿನ ಸಂಶೋಧನೆಗೆ ಅದೊಂದು ಅಡ್ಡಿಯೇ? ಕಿಟಕಿಯನ್ನು ಮುಚ್ಚಿ, ಸಣ್ಣ ರಂಧ್ರವೊಂದರಿಂದ ಕನ್ನಡಿಯ ನೆರವಿನಿಂದ ಸೂರ್ಯನ ಕಿರಣವನ್ನು ಒಳಕ್ಕೆ ತಂದು, ಮಸೂರ ಮತ್ತು ಹರಳುಗಳನ್ನು ಅದಕ್ಕೆ ಒಡ್ಡಿ ಅವರು ಕೆಲಸ ನಡೆಸಿದರು. ನೊಬೆಲ್ ಪಾರಿತೋಷಕ ಪಡೆದ ಅರುವತ್ತು ವರ್ಷದ ವಿಜ್ಞಾನಿ ಹೀಗೆ ಮತ್ತೆ ಕಲ್ಕತ್ತೆಯ ಮೊದಲ ದಿನಗಳ ಸ್ಥಿತಿಗೇ ಬಂದಿದ್ದರು. ಅದರಿಂದ ಅವರು ಕುಗ್ಗಿದಂತೆ ತೋರುವುದಿಲ್ಲ.

ಆ ಬಿಸಿಲಿನಲ್ಲಿಯೇ ಎ. ಜಯರಾಮನ್ ಎಂಬ ತರುಣರೊಡನೆ ಅವರು ಫೆಲ್ಡ್‌ಸ್ಪಾರುಗಳನ್ನು ಪರೀಕ್ಷಿಸಿದರು. ಮರಳಿನಲ್ಲಿ ನಾವು ಮಬ್ಬಾಗಿ ಕಂಡ ಆ ಖನಿಜದ ಕುಲದಲ್ಲಿಯೇ ಲ್ಯಾಬ್ರಡೊರೈಟ್ ಮತ್ತು ಚಂದ್ರಕಾಂತ ಶಿಲೆಗಳು ಹುಟ್ಟುತ್ತವೆ. ಬೂದುಬಣ್ಣದ ಲ್ಯಾಬ್ರಡೊರೈಟನ್ನು ಕೈಯಲ್ಲಿ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ತಟ್ಟನೆ ನವಿಲುಗರಿಯ ನೀಲಿ ಹೊಳೆದು ಮರುಕ್ಷಣ ಆರಿಹೋಗುತ್ತದೆ. ಆ ಬಣ್ಣ ಕಲ್ಲಿಗೆ ಬಳಿದದ್ದಲ್ಲ, ಕಲ್ಲಿನಲ್ಲಿ ಬೆರೆತದ್ದೂ ಅಲ್ಲ. ಒಳಗೆ ಒಂದರ ಮೇಲೊಂದು ಕುಳಿತ, ಬೆಳಕಿನ ತರಂಗಾಂತರಕ್ಕೆ ಸರಿದೊರೆಯಾಗುವಷ್ಟು ತೆಳುವಾದ ಪದರಗಳಿಂದ ಹಿಂತಿರುಗಿದ ಅಲೆಗಳು ಕೆಲವು ಬಣ್ಣಗಳಲ್ಲಿ ಒಂದನ್ನೊಂದು ಬಲಪಡಿಸಿ, ಉಳಿದವುಗಳಲ್ಲಿ ಅಳಿಸಿಹಾಕುತ್ತವೆ. ಇಂಥ ಕಲ್ಲುಗಳನ್ನು ಬಂದವರಿಗೆಲ್ಲ ತೋರಿಸುವುದೆಂದರೆ ರಾಮನ್ನರಿಗೆ ಮಕ್ಕಳ ಉತ್ಸಾಹ. ಸಾಧಾರಣವಾಗಿ ಕಾಣುವ ಖನಿಜಗಳು ಅತಿನೇರಳೆ ದೀಪದ ಕೆಳಗೆ ಕೆಂಡದಂತೆ, ಹಸುರು ದೀಪದಂತೆ ಬೆಳಗುವುದನ್ನು ಕಾಣಿಸಲು ಅವರು ಕತ್ತಲೆಯ ಕೋಣೆಯೊಂದನ್ನೇ ಇಟ್ಟಿದ್ದರು.

1953ರಲ್ಲಿ ಹತ್ತೊಂಬತ್ತು ವರ್ಷದ ತರುಣನೊಬ್ಬ ಸಂಸ್ಥೆಗೆ ಸೇರಿದನು. ಆತ ರಾಮನ್ನರ ತಂಗಿಯ ಮಗ, ಹೆಸರು ಪಂಚರತ್ನಂ. ಬೆಳಕನ್ನು ಬಿಟ್ಟುಕೊಡುವ ಸ್ಫಟಿಕಗಳ ವಿಚಾರ ಬಹುಮಟ್ಟಿಗೆ ತಿಳಿದಿತ್ತು. ಸ್ವಲ್ಪ ಬಿಟ್ಟು ಸ್ವಲ್ಪ ಹೀರಿಕೊಳ್ಳುವ ಸ್ಫಟಿಕಗಳಲ್ಲಿ, ಎಂದರೆ ಪೂರ್ತಿ ಪಾರದರ್ಶಕವೂ ಅಲ್ಲದ, ಲೋಹದಂತೆ ಪೂರ್ತಿ ಗೋಡೆಯೂ ಅಲ್ಲದ ಹರಳುಗಳಲ್ಲಿ, ಬೆಳಕಿನ ನಡತೆ ಬಹಳ ತೊಡಕಾದದ್ದು. ಆ ತೊಡಕನ್ನು ಬಿಡಿಸಲು ಹೊರಟ ಪಂಚರತ್ನಂ 1956ರಲ್ಲಿ ಆಳವಾದ ಸತ್ಯವೊಂದನ್ನು ಕಂಡರು. ಬೆಳಕಿನ ಅಲೆ ತುಯ್ಯುವ ದಿಕ್ಕಿಗೆ ಅದರ ಧ್ರುವೀಕರಣವೆಂದು ಹೆಸರು. ಆ ಸ್ಥಿತಿಯನ್ನು ಒಂದರಿಂದ ಎರಡನೆಯದಕ್ಕೆ, ಎರಡರಿಂದ ಮೂರನೆಯದಕ್ಕೆ ಬದಲಿಸುತ್ತ ಮತ್ತೆ ಮೊದಲಿನ ಸ್ಥಿತಿಗೇ ತಂದರೆ, ಅಲೆ ಹೊರಟಾಗಿನಂತೆಯೇ ಇರುವುದೆಂದು ನಾವು ಎಣಿಸುತ್ತೇವೆ. ಆದರೆ ಅದರ ಏರಿಳಿತದ ಹೆಜ್ಜೆ, ವಿಜ್ಞಾನಿಗಳು ಪ್ರಾವಸ್ಥೆ ಎನ್ನುವುದು, ಸ್ವಲ್ಪ ಸರಿದಿರುತ್ತದೆ. ಎಷ್ಟು ಸರಿಯಿತೆಂಬುದು ಸುತ್ತಿಬಂದ ದಾರಿಯ ಆಕಾರವನ್ನು ಅವಲಂಬಿಸಿದೆ.

ಈ ಲೇಖನವೂ ರಾಮನ್ನರ ನಿಯಮದಂತೆ ಅಕಾಡೆಮಿಯ ಪತ್ರಿಕೆಯಲ್ಲಿಯೇ ಪ್ರಕಟವಾಯಿತು. ಹೊರದೇಶಗಳಲ್ಲಿ ಅದನ್ನು ಗಮನಿಸಿದವರು ವಿರಳ. ಪಂಚರತ್ನಂ ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, ಅನಂತರ ಆಕ್ಸ್‌ಫರ್ಡಿಗೆ ಹೋಗಿ, 1969ರಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿಯೇ ಅಲ್ಲಿ ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರ‍್ರಿ ಇದೇ ತತ್ತ್ವವನ್ನು ವ್ಯಾಪಕವಾದ ರೂಪದಲ್ಲಿ ಮಂಡಿಸಿದಾಗ, ಬೆಂಗಳೂರಿನ ವಿಜ್ಞಾನಿಗಳು ಪಂಚರತ್ನಂ ಅವರ ಹಳೆಯ ಲೇಖನವನ್ನು ಬೆಳಕಿಗೆ ತಂದರು. ಬೆರ‍್ರಿಯವರು ಅದನ್ನು ಓದಿ, 1987ರಲ್ಲಿ, ಮೊದಲಿಗನ ಗೌರವವನ್ನು ಮುಕ್ತ ಮನಸ್ಸಿನಿಂದ ಪಂಚರತ್ನಂ ಅವರಿಗೆ ಸಲ್ಲಿಸಿದರು. ದೇಶದ ಪತ್ರಿಕೆಯಲ್ಲಿಯೇ ಬರೆಯಬೇಕೆಂಬ ರಾಮನ್ನರ ಹಟಕ್ಕೆ ಆ ತರುಣ ತೆತ್ತ ಬೆಲೆಯೇನೂ ಕಡಿಮೆಯಲ್ಲ. ಆ ಹಟವಿಲ್ಲದಿದ್ದರೆ ಇಂಥ ಪತ್ರಿಕೆಯೊಂದು ನಮ್ಮಲ್ಲಿ ಬೇರೂರುತ್ತಿತ್ತೇ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ರಾಮನ್ನರಿಗೆ 1954ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ಮುಪ್ಪಿನಲ್ಲಿ ಅವರು ಹೆಚ್ಚಾಗಿ ಸಂಸ್ಥೆಯ ಆವರಣದಲ್ಲಿಯೇ ಇರುತ್ತಿದ್ದರು. ಗುಲಾಬಿಗಳನ್ನೂ ಮರಗಳನ್ನೂ ಬೆಳೆಸಿದರು. ಹೂವಿನ ಬಣ್ಣ, ಅದನ್ನು ಕಾಣುವ ಕಣ್ಣಿನ ರಚನೆ ಇವು ಅವರ ಕೊನೆಯ ಅಧ್ಯಯನಗಳು; ದೃಷ್ಟಿಯನ್ನು ಕುರಿತ ಅವರ ಗ್ರಂಥ 1968ರಲ್ಲಿ ಹೊರಬಂದಿತು. ಗಾಂಧೀಜಿಯವರ ಸ್ಮರಣೆಗಾಗಿ ಪ್ರತಿವರ್ಷ ಅಕ್ಟೋಬರ್ 2ರಂದು ಸಂಸ್ಥೆಯಲ್ಲಿ ಉಪನ್ಯಾಸ ಮಾಡುವ ಪದ್ಧತಿಯನ್ನು ಅವರು 1970ರಲ್ಲಿಯೂ ತಪ್ಪಿಸಲಿಲ್ಲ.

ಆ ತಿಂಗಳ ಕೊನೆಯಲ್ಲಿ ಅವರು ಪ್ರಯೋಗಶಾಲೆಯಲ್ಲಿ ಕುಸಿದುಬಿದ್ದರು. ಆಸ್ಪತ್ರೆಯ ವೈದ್ಯರು ಆಸೆ ಬಿಟ್ಟರೂ ಚೇತರಿಸಿಕೊಂಡು, ಅಲ್ಲಿ ಉಳಿಯಲೊಲ್ಲದೆ, ತಮ್ಮ ತೋಟದ ನಡುವಣ ಮನೆಗೆ ಮರಳಿದರು. ಸಂಸ್ಥೆಯ ಮುಂದಿನ ವ್ಯವಸ್ಥೆಯನ್ನು ಗೊತ್ತುಮಾಡಿದರು. ಅಕಾಡೆಮಿಯ ಪತ್ರಿಕೆ ನಿಲ್ಲದಂತೆ ನೋಡಿಕೊಳ್ಳಬೇಕೆಂದು ಬಳಿಯಲ್ಲಿದ್ದವರಿಗೆ ತಿಳಿಸಿದರು. ತಮಗಾಗಿ ಯಾವ ಕರ್ಮಾಂತರಗಳೂ ಬೇಡವೆಂದು ಅವರ ಕೋರಿಕೆಯಾಗಿತ್ತು. 1970ನೆಯ ನವೆಂಬರ್ 21ರ ಶನಿವಾರ ಬೆಳಗಿನ ಜಾವ ಅವರು ಕೊನೆಯುಸಿರೆಳೆದರು. ಅವರ ದೇಹವನ್ನು ಸಂಸ್ಥೆಯ ತೋಟದಲ್ಲಿಯೇ ದಹನ ಮಾಡಲಾಯಿತು. ಆ ಸ್ಥಳದಲ್ಲಿ ಗೋರಿಯನ್ನಾಗಲಿ ಪ್ರತಿಮೆಯನ್ನಾಗಲಿ ಕಟ್ಟಲಿಲ್ಲ. ಒಂದು ಮರವನ್ನು ನೆಟ್ಟರು.